ಆರಾಮಾಗಿ ಓಡಿದೆ ಅನ್ನೋ ಸುಳ್ಳು

ಕಳೆದ ಭಾನುವಾರ, ನಾಲ್ಕು ವರ್ಷದ ನಂತರ, ಮತ್ತೆ ಎದೆಗೆ ಬಿಬ್ ಚುಚ್ಚಿಕೊಂಡು ನಿಂತೆ. ಕಬ್ಬನ್ ಪಾರ್ಕ್ ಹತ್ತಿರ, ಬರೀ 5 ಕಿಲೋಮೀಟರ್ ಓಟ. ಬೇಕಿದ್ದದ್ದು ಒಂದೇ: ಈಗ ನಾನು ಎಲ್ಲಿದ್ದೀನಿ ಅನ್ನೋದು ಗೊತ್ತಾಗಬೇಕು.

ಅದಕ್ಕೆ ಚಿಕ್ಕ ಓಟವೇ ಒಳ್ಳೆಯ ಅಳತೆಗೋಲು. ಮ್ಯಾರಥಾನ್‌ನ 42.195 ಕಿಲೋಮೀಟರ್‌ನಲ್ಲಿ ನೆಪಗಳಿಗೆ ಜಾಗ ಜಾಸ್ತಿ. ಬಿಸಿಲಿತ್ತು, ಸ್ನಾಯು ಹಿಡ್ಕೊಳ್ತು, ಹೊಟ್ಟೆ ಕೈಕೊಡ್ತು. ಆಮೇಲೆ ವಾರಗಟ್ಟಲೆ ಸುಧಾರಿಸಿಕೊಳ್ಳಬೇಕು. 5 ಕಿಲೋಮೀಟರ್ ಆದರೆ ಎರಡು-ಮೂರು ದಿನಕ್ಕೆ ಕಾಲು ಸರಿಹೋಗುತ್ತೆ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ರೂಪಿಸಿದ ಪರೀಕ್ಷೆಯಂತೂ ಇನ್ನೂ ಚಿಕ್ಕದು: 12 ನಿಮಿಷದಲ್ಲಿ ಎಷ್ಟು ದೂರ ಓಡ್ತೀರಿ? ಅಷ್ಟೇ ಪ್ರಶ್ನೆ. ದೇಹ ಆಮ್ಲಜನಕವನ್ನು ಎಷ್ಟು ಬಳಸಿಕೊಳ್ಳಬಲ್ಲದು ಅನ್ನೋದರ ಅಂದಾಜು ಅದರಲ್ಲೇ ಸಿಗುತ್ತೆ.

ನನ್ನ ಹಳೇ ಸಮಯ 24 ನಿಮಿಷ 30 ಸೆಕೆಂಡ್. ಆಮೇಲೆ ಕೆಲಸ ಬದಲಾಯ್ತು, ಮಗಳು ಹುಟ್ಟಿದಳು, ಔಟರ್ ರಿಂಗ್ ರೋಡ್ ದಿನಕ್ಕೆ ಮೂರು ಗಂಟೆ ತಿಂದಿತು. ಆದರೂ ಮೊದಲ ಕಿಲೋಮೀಟರನ್ನು ಹಳೇ ಹುಮ್ಮಸ್ಸಿನಲ್ಲೇ 5:05ಕ್ಕೆ ಓಡಿದೆ. ಎರಡನೆಯದು 5:50. ಮೂರನೆಯದು 6:40. ನಾಲ್ಕನೆಯ ಫಲಕ ದಾಟುವಾಗ ವಾಚಲ್ಲಿ 24:35. ಹಳೇ ನಾನು ಅಷ್ಟೊತ್ತಿಗೆ ಓಟ ಮುಗಿಸಿ ಬಾಳೆಹಣ್ಣು ಸುಲಿಯುತ್ತಿದ್ದ. ನನಗಿನ್ನೂ ಒಂದು ಕಿಲೋಮೀಟರ್ ಬಾಕಿ. ಕೊನೆಗೆ 31:12. ಕುಂಟಲಿಲ್ಲ, ನಿಲ್ಲಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಹಾಕಿದ್ದೆ.

ನೀರು ಕುಡಿಯುತ್ತಿದ್ದಾಗ ನಮ್ಮ ಟೀಮಿನ ಹುಡುಗ ಓಡಿ ಬಂದ. ಜೀವನದ ಮೊದಲ ಓಟ ಅವನದು. ‘ಸರ್, 33 ನಿಮಿಷ! ನಿಮ್ದೆಷ್ಟು?’

‘31. ಇವತ್ತು ಸುಮ್ನೆ ಆರಾಮಾಗಿ ಓಡಿದೆ ಕಣೋ’ ಅಂದೆ.

ಅವನ ಮುಖ ಒಂದು ಕ್ಷಣ ಸಣ್ಣಗಾಯ್ತು. ‘ಓ, ಸರಿ ಸರ್’ ಅಂದು ಹೊರಟುಹೋದ.

ಯಾರಿಗೂ ನಷ್ಟ ಇಲ್ಲದ ಸುಳ್ಳು ಅಂತ ನಾವು ಇಂಥದ್ದನ್ನೆಲ್ಲ ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ನೋಡಿ, ನಷ್ಟ ಆಗಿತ್ತು. ಅವನು ಉಸಿರು ಕಟ್ಟಿ ಗಳಿಸಿದ 33 ನಿಮಿಷವನ್ನು ನಾನು ಒಂದೇ ಮಾತಲ್ಲಿ ಅಗ್ಗ ಮಾಡಿದ್ದೆ. ನನ್ನ ‘ಆರಾಮು’ ಅವನ ಪೂರ್ತಿ ಶಕ್ತಿಗಿಂತ ಎರಡು ನಿಮಿಷ ಮೇಲು ಅಂತ ಹೇಳಿದ ಹಾಗಾಯ್ತು. ನಮ್ಮ ಮಾನ ಉಳಿಸಿಕೊಳ್ಳೋಕೆ ಹೇಳೋ ಚಿಕ್ಕ ಸುಳ್ಳುಗಳ ಬಿಲ್ಲನ್ನು ಎಷ್ಟೋ ಸಲ ಪಕ್ಕದಲ್ಲಿ ನಿಂತವರು ಕಟ್ಟುತ್ತಾರೆ. ‘ಓದೇ ಇಲ್ಲ ಮಗಾ’ ಅಂತ ಹೇಳಿ ಫಸ್ಟ್ ಬರ್ತಿದ್ದ ಕ್ಲಾಸ್‌ಮೇಟ್ ನೆನಪಿದ್ದಾನಲ್ವಾ?

ಇನ್ನೊಂದು ನಷ್ಟ ನನಗೇ. 31:12 ಅನ್ನೋದು ತೀರ್ಪಲ್ಲ, ಮಾಹಿತಿ. ನಾಳೆ ಎಷ್ಟು ವೇಗದಲ್ಲಿ ಅಭ್ಯಾಸ ಶುರು ಮಾಡಬೇಕು ಅಂತ ಹೇಳೋ ಮಾಹಿತಿ. ‘ನಿಜವಾಗಿ ನಾನು 26ರ ಓಟಗಾರ’ ಅಂತ ನಂಬಿ ಅಭ್ಯಾಸಕ್ಕಿಳಿದರೆ ಮೊಣಕಾಲು ನನ್ನ ನಂಬಿಕೆಯನ್ನೇನೂ ಕೇಳಲ್ಲ. ಆಫೀಸಲ್ಲಿ ಅಪ್ರೈಸಲ್ ನೋಡಿ ನೋಡಿ, ಪ್ರತಿ ಅಂಕಿಯೂ ನಮ್ಮ ಬೆಲೆ ಕಟ್ಟುತ್ತೆ ಅನ್ನೋ ಭಯ ಅಂಟಿಕೊಂಡಿದೆ. ಅದಕ್ಕೇ ಅಳೆಯೋಕೆ ಅಂತಲೇ ಹೋಗಿ, ಅಳತೆ ಬಂದ ಕೂಡಲೇ ಬಚ್ಚಿಟ್ಟೆ.

ಮತ್ತೆ ಹಳೇ ವೇಗ ಬರಬಹುದು, ಬರದೇನೂ ಇರಬಹುದು. ಮಗಳನ್ನು ಎತ್ತಿಕೊಂಡು ಕಳೆದ ರಾತ್ರಿಗಳನ್ನು ವಾಪಸ್ ಕೊಟ್ಟು ಆ ಆರು ಚಿಲ್ಲರೆ ನಿಮಿಷ ಕೊಳ್ಳುವ ಆಸೆಯಂತೂ ನನಗಿಲ್ಲ.

ಸಂಜೆ ಆ ಹುಡುಗನಿಗೆ ಮೆಸೇಜ್ ಹಾಕಿದೆ: ‘ಬೆಳಗ್ಗೆ ಸುಳ್ಳು ಹೇಳಿದೆ. ಪ್ರಾಣ ಬಿಟ್ಟು ಓಡಿದ್ರೂ 31 ಆಯ್ತು. ನಿನ್ನ 33 ಸೂಪರ್.’

ತಕ್ಷಣ ಉತ್ತರ ಬಂತು: ‘ನಂಗೂ ಪ್ರಾಣ ಹೋಗಿತ್ತು ಸರ್. ಬುಧವಾರ ಪ್ರಾಕ್ಟೀಸ್‌ಗೆ ಬರ್ತೀರಾ?’