ಏಳನೇ ಸ್ಥಾನದವರು

ಸೋತವರಿಗೆ ಸಮಾಧಾನ ಹೇಳೋಕೆ ಅಮೆರಿಕದ ‘ನ್ಯಾಶ್‌ವಿಲ್ ಸ್ಟಾರ್’ ಹೇಳಿ ಮಾಡಿಸಿದ ಉದಾಹರಣೆ. ಕಂಟ್ರಿ ಸಂಗೀತದ ಈ ಟಿವಿ ಸ್ಪರ್ಧೆಯಲ್ಲಿ 2003ರಲ್ಲಿ ಮಿರಾಂಡಾ ಲ್ಯಾಂಬರ್ಟ್‌ಗೆ ಮೂರನೇ ಸ್ಥಾನ, 2007ರಲ್ಲಿ ಕೇಸಿ ಮಸ್‌ಗ್ರೇವ್ಸ್‌ಗೆ ಏಳನೇದು. ಆಮೇಲೆ ಇಬ್ಬರೂ ಗ್ರ್ಯಾಮಿ ಗೆದ್ದರು. ‘ನೋಡಿ, ಆವತ್ತು ಓಟು ಹಾಕಿದ ಜನಕ್ಕೆ ಗೊತ್ತಾಗ್ಲಿಲ್ಲ’ ಅಂತೀವಿ.

ನನಗಿದು ಅನ್ಯಾಯದ ಮಾತು ಅನ್ನಿಸುತ್ತೆ. 2003ರಲ್ಲಿ ಗೆದ್ದ ಬಡ್ಡಿ ಜ್ಯುವೆಲ್ ಆಗಲೇ 40 ದಾಟಿದ್ದರು. ಬೇರೆ ಗಾಯಕರು ಕೇಳಿ ಹಾಡು ಆರಿಸಿಕೊಳ್ಳಲೆಂದು ವರ್ಷಗಟ್ಟಲೆ ಡೆಮೊ ಹಾಡಿದವರು. ಇನ್ಯಾರಿಗೋ ಮುಂದೆ ಸಿಕ್ಕ ಗ್ರ್ಯಾಮಿ ಇವರ ಗೆಲುವನ್ನು ತಪ್ಪಾಗಿಸುತ್ತಾ? ತಕ್ಕಡಿ ಅದೇ, ತೂಗೋ ದಿನ ಮಾತ್ರ ಮುಂದಕ್ಕೆ ಹೋಯ್ತು. (ಗ್ರ್ಯಾಮಿಗೂ ಓಟೇ ಹಾಕ್ತಾರೆ, ಹಾಕೋರು ಸಂಗೀತದವರು ಅಷ್ಟೇ.)

ಇನ್ನು ಏಳನೇ ಸ್ಥಾನಕ್ಕೇ ಹೊರಬಿದ್ದು, ಆಮೇಲೂ ಹೆಸರು ಮಾಡದೆ, ಸುಮ್ಮನೆ ಚೆನ್ನಾಗಿ ಹಾಡಿಕೊಂಡಿರೋರಿಗೆ ಈ ಸಮಾಧಾನದಲ್ಲಿ ಏನಿದೆ?