ದಿನದ ಧಮ್ಮ ಚಿಂತನೆ: ಕೆಂಪಿಯನ್ನು ಮಣ್ಣು ಮಾಡಿದ ದಿನ



ಧಮ್ಮ ಬಂಧುಗಳೇ,

ಕಳೆದ ಹುಣ್ಣಿಮೆಯ ಧಮ್ಮ ಚರ್ಚೆಗೆ ನಾನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹಲವರು ಫೋನ್ ಮಾಡಿ ಕೇಳಿದಿರಿ. "ಮನೆಯಲ್ಲಿ ಒಂದು ಸಾವಾಗಿದೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಸತ್ತದ್ದು ನಮ್ಮ ನಾಯಿ ಕೆಂಪಿ ಎಂದು ಹೇಳಲು ಆ ದಿನ ನಾಚಿಕೆಯಾಯಿತು. ಇವತ್ತು ಚಿಂತನೆ ಬರೆಯುವ ಸರದಿ ನನ್ನದು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಕೆಂಪಿ ಜಾತಿ ನಾಯಿಯಲ್ಲ, ಬೀದಿ ನಾಯಿ. ಹನ್ನೊಂದು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಕೆರೆಬಿಳಚಿಯ ಮನೆ ಜಗಲಿಯ ಮೇಲೆ ಬಂದು ಮಲಗಿದ್ದು, ಮತ್ತೆ ಹೋಗಲಿಲ್ಲ. ಎರಡು ವರ್ಷದ ಹಿಂದೆ ಅದರ ಮೊಲೆಯ ಹತ್ತಿರ ಅವರೆಕಾಳಿನಷ್ಟು ಗಂಟು ನನ್ನ ಕೈಗೆ ಸಿಕ್ಕಿತು. ನಾಳೆ ತೋರಿಸಿದರಾಯಿತು ಎಂದುಕೊಂಡೆ. ಅಡಿಕೆ ಕೊಯ್ಲು ಬಂತು, ಮಗಳ ಮದುವೆ ಬಂತು. ಗಂಟು ನಿಂಬೆಹಣ್ಣಿನಷ್ಟಾಗಿ ಒಡೆದು ನೀರು ಸುರಿಯತೊಡಗಿದ ಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಈಗ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು. ಗಂಟು ಚಿಕ್ಕದಿದ್ದಾಗಲೇ ತಂದಿದ್ದರೆ ಎಂದು ನಾನೇ ಕೇಳಿದೆ. ಆ ವೈದ್ಯೆ ನನ್ನ ಮುಖ ನೋಡಿ, "ಸರ್, ಅದನ್ನ ಈಗ ಯೋಚನೆ ಮಾಡಬೇಡಿ" ಎಂದರು. ಅವರು ಒಳ್ಳೆಯವರು. ಆದರೆ ನಾನು ಯೋಚನೆ ಮಾಡಬೇಕು. ಪ್ರಮಾದ ಎಂದರೆ ಏನು ಎಂದು ನಿಮಗೆಲ್ಲ ಎಷ್ಟೋ ಸಲ ಪಾಠ ಹೇಳಿದ್ದೇನೆ. ಅವರೆಕಾಳಿನಷ್ಟು ಗಂಟು ನಿಂಬೆಹಣ್ಣಿನಷ್ಟಾಗುವವರೆಗೆ ನಾನು ಕಾದದ್ದೇ ಪ್ರಮಾದ.

ಆಮೇಲಿನ ಐದು ವಾರ ಕೆಂಪಿಯ ಸೇವೆ ಮಾಡಿದೆವು. ಗಾಯ ತೊಳೆಯುವುದು, ಹುಳ ಬೀಳದಂತೆ ಔಷಧ ಹಚ್ಚುವುದು, ಮಾತ್ರೆಯನ್ನು ಮುದ್ದೆಯಲ್ಲಿ ಇಟ್ಟು ನುಂಗಿಸುವುದು, ಮಲಗಿದಲ್ಲೇ ಆದದ್ದನ್ನು ಬಳಿಯುವುದು. ಮೊದಲ ದಿನ ವಾಸನೆಗೆ ನನಗೆ ವಾಂತಿ ಬಂದಂತಾಯಿತು. ಆಗ ನೆನಪಾದದ್ದು ವಿನಯ ಪಿಟಕದ ಕಥೆ. ಬಾಬಾಸಾಹೇಬರೂ ಅದನ್ನು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೇರಿಸಿದ್ದಾರೆ. ಒಬ್ಬ ಭಿಕ್ಖು ಭೇದಿಯಿಂದ ನರಳುತ್ತಾ ತನ್ನ ಹೇಸಿಗೆಯಲ್ಲೇ ಬಿದ್ದಿದ್ದ. ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಯಾಕೆಂದು ಭಗವಾನರು ಕೇಳಿದಾಗ ಅವನು ಹೇಳಿದ್ದು ಇಷ್ಟು: ನಾನು ಬೇರೆ ಭಿಕ್ಖುಗಳಿಗೆ ಏನೂ ಮಾಡಿಕೊಡುವುದಿಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ. ಭಗವಾನರು ಆನಂದನಿಂದ ನೀರು ತರಿಸಿದರು. ತಾವು ನೀರು ಹೊಯ್ದರು, ಆನಂದ ತೊಳೆದ. ಇಬ್ಬರೂ ಸೇರಿ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು.

ಆ ಭಿಕ್ಖುವಿನ ಉತ್ತರವನ್ನು ಮತ್ತೊಮ್ಮೆ ಓದಿ. "ನಾನು ಉಪಯೋಗಕ್ಕೆ ಬರುವುದಿಲ್ಲ." ಕೆಂಪಿಯೂ ಹಾಗೆಯೇ. ಕಳ್ಳರನ್ನು ಹಿಡಿದದ್ದಿಲ್ಲ, ತೋಟ ಕಾದದ್ದಿಲ್ಲ. ನಮ್ಮ ನಾಡಿನಲ್ಲಿ ನಾಯಿಗೆ ಗೌರವ ಕೊಟ್ಟ ಉದಾಹರಣೆ ಇಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರ ಶಾಸನವಿದೆ. ಗಂಗ ದೊರೆ ಬೂತುಗನ ವೀರ ಮಣಲೇರ, ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದ. ನಮ್ಮ ದಾವಣಗೆರೆ ಪೊಲೀಸರ ತುಂಗಾ 2020ರ ಜುಲೈನಲ್ಲಿ ಬಸವಾಪಟ್ಟಣ ಕಡೆಯ ಕೊಲೆ ಪ್ರಕರಣದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿಯ ಜಾಡು ತೋರಿಸಿದ್ದು ನಿಮಗೆ ನೆನಪಿರಬಹುದು. 2022ರಲ್ಲಿ ಅದು ತೀರಿಕೊಂಡಾಗ ಪೊಲೀಸರು ಗೌರವದಿಂದ ಕಳುಹಿಸಿಕೊಟ್ಟರು. ಎರಡೂ ಸರಿಯಾದದ್ದೇ. ಆದರೆ ಅವೆರಡೂ ದುಡಿದ ನಾಯಿಗಳು. ದುಡಿದವರಿಗೆ ಕೊಡುವುದು ಕೃತಜ್ಞತೆ. ಏನೂ ಮಾಡದೆ ಜಗಲಿಯ ಮೇಲೆ ಮಲಗಿದ್ದ ಜೀವಕ್ಕೆ ಕೊಡುವುದು ಮೈತ್ರಿ. ದುಡಿಮೆಗೆ ಮಾತ್ರ ಬೆಲೆ, ಜೀವಕ್ಕೆ ಬೆಲೆಯಿಲ್ಲ ಎಂಬ ಲೆಕ್ಕದಲ್ಲಿ ನಮ್ಮ ಅಪ್ಪ ಅಜ್ಜಂದಿರು ಬದುಕಿದರು. ಆ ಲೆಕ್ಕ ನಮಗೆ ಬೇಡ.

ಐದನೇ ವಾರ ಉಸಿರಾಟ ಕಷ್ಟವಾಯಿತು. ವೈದ್ಯೆ ಮೊದಲೇ ಹೇಳಿಕೊಟ್ಟಿದ್ದರು: ತಿಂತೇ, ನೀರು ಕುಡಿಯಿತೇ, ಎದ್ದು ನಿಂತಿತೇ, ಕರೆದರೆ ಬಾಲ ಅಲ್ಲಾಡಿಸಿತೇ, ದಿನಾ ಬರೆದಿಡಿ. ಕೆಟ್ಟ ದಿನಗಳು ಒಳ್ಳೆಯ ದಿನಗಳಿಗಿಂತ ಹೆಚ್ಚಾದಾಗ ನಿಮಗೇ ಗೊತ್ತಾಗುತ್ತದೆ ಎಂದಿದ್ದರು. ಗೋಡೆಯಲ್ಲಿದ್ದ ಬಾಬಾಸಾಹೇಬರ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಿದ್ದೆ. ಕೊನೆಯ ವಾರ ಏಳು ದಿನದಲ್ಲಿ ಆರು ಕೆಟ್ಟ ದಿನ. ದಯಾಮರಣದ ಇಂಜೆಕ್ಷನ್ ಕೊಡಿಸುವ ಮಾತು ಬಂತು.

ಆ ರಾತ್ರಿ ನಿದ್ದೆ ಬರಲಿಲ್ಲ. ದಿನಾ ಬೆಳಿಗ್ಗೆ ಪ್ರಾಣಹತ್ಯೆ ಮಾಡುವುದಿಲ್ಲ ಎಂದು ಶೀಲ ಹೇಳುವ ಬಾಯಿಂದಲೇ ಇಂಜೆಕ್ಷನ್ ಕೊಡಿ ಎಂದು ಹೇಗೆ ಹೇಳುವುದು? ನಮ್ಮ ಹಿರಿಯ ಉಪಾಸಕರೊಬ್ಬರಿಗೆ ಫೋನ್ ಮಾಡಿದೆ. ಅವರು ಸಲಹೆ ಕೊಡಲಿಲ್ಲ, ಪುಸ್ತಕದಲ್ಲಿ ಅಹಿಂಸೆಯ ಭಾಗ ತೆಗೆದು ಓದು ಎಂದರು. ಅಲ್ಲಿ ಬಾಬಾಸಾಹೇಬರು ಕೊಲ್ಲುವ ಇಚ್ಛೆಯನ್ನೂ ಕೊಲ್ಲಬೇಕಾದ ಅಗತ್ಯವನ್ನೂ ಬೇರೆ ಬೇರೆ ಮಾಡಿ ತೋರಿಸುತ್ತಾರೆ. ಅಹಿಂಸೆ ಒಂದು ತತ್ವ, ಕಟ್ಟಳೆಯಲ್ಲ ಎನ್ನುತ್ತಾರೆ. ಕಟ್ಟಳೆಯಾದರೆ ಯೋಚಿಸುವ ಕೆಲಸವಿಲ್ಲ. ತತ್ವವಾದರೆ ಯೋಚಿಸುವ ಹೊಣೆ ನಮ್ಮದೇ. ಕಾಯಿಲೆಯ ಪ್ರಾಣಿಯ ವಿಷಯ ಅವರು ಅಲ್ಲಿ ಬರೆದಿಲ್ಲ. ಅದನ್ನು ನನ್ನ ಪರಿಸ್ಥಿತಿಗೆ ಹೊಂದಿಸಿಕೊಂಡದ್ದು ನಾನು. ಥೇರವಾದದ ಅನೇಕ ಭಿಕ್ಖುಗಳು ಇದನ್ನು ಒಪ್ಪುವುದಿಲ್ಲ ಎಂಬುದೂ ಗೊತ್ತು. ಹಾಗಾಗಿ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ: ಮುಗಿಸಬೇಕೆಂದಿರುವುದು ಯಾರ ಕಷ್ಟ? ಮೂರನೇ ವಾರದಲ್ಲೇ ನನಗೆ ಸಾಕಾಗಿತ್ತು. ಆಗ ಇಂಜೆಕ್ಷನ್ ಕೊಡಿಸಿದ್ದರೆ ಅದು ನನ್ನ ಕಷ್ಟಕ್ಕಾಗಿ ಆಗುತ್ತಿತ್ತು. ಆ ರಾತ್ರಿ ಕೆಂಪಿ ಕತ್ತು ಚಾಚಿ, ಬಾಯಿ ತೆರೆದು, ಮಲಗಲಾಗದೆ ಕೂತೇ ಇತ್ತು. ಬೆಳಿಗ್ಗೆ ವೈದ್ಯರನ್ನು ಕರೆಸಿದೆ.

ಮೊದಲು ಮಂಪರು ಬರುವ ಔಷಧ ಕೊಟ್ಟರು. ನನ್ನಾಕೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಷ್ಟೋ ದಿನಗಳ ಮೇಲೆ ಕೆಂಪಿಯ ಉಸಿರು ನಿಧಾನವಾಯಿತು. ಆಮೇಲೆ ಎರಡನೇ ಇಂಜೆಕ್ಷನ್. ಕಣ್ಣು ತೆರೆದೇ ಇತ್ತು. ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ತಲೆ ಆಡಿಸಿದರು. ನಾನು ತ್ರಿಶರಣ ಹೇಳಬೇಕೆಂದುಕೊಂಡಿದ್ದೆ, ಬಾಯಿಂದ ಬರಲಿಲ್ಲ.

ಧಮ್ಮ ಬಂಧುಗಳೇ, ನಾನು ನಿಜವಾಗಿ ಹೇಳಬೇಕಾದದ್ದು ಇದರ ನಂತರದ ಮಾತು.

ವೈದ್ಯರು ಹೋದ ಮೇಲೆ ಬೆಂಗಳೂರಿನಿಂದ ಮಗ ಫೋನ್ ಮಾಡಿದ. "ಅಪ್ಪ, ನೀವು ಗುಂಡಿ ಗಿಂಡಿ ತೋಡೋಕೆ ಹೋಗಬೇಡಿ. ಯಾರಾದ್ರೂ ಹುಡುಗ್ರನ್ನ ಕರೆಸಿ, ದುಡ್ಡು ಕೊಟ್ಟು ತಗೊಂಡು ಹೋಗೋಕೆ ಹೇಳಿ" ಎಂದ. ನನಗೂ ಸರಿ ಎನಿಸಿತು. ವಯಸ್ಸು ಅರವತ್ತು ದಾಟಿದೆ, ಬೆನ್ನು ನೋವಿದೆ. ಕೇರಿಯಲ್ಲಿ ಕೂಲಿ ಮಾಡುವ ಒಬ್ಬ ಹುಡುಗನ ನಂಬರ್ ನನ್ನ ಫೋನಿನಲ್ಲಿತ್ತು. ತೆಗೆದೆ. ಒತ್ತುವಷ್ಟರಲ್ಲಿ ಕೈ ನಿಂತಿತು.

ನನ್ನ ಅಪ್ಪ ಊರಿನ ಸತ್ತ ದನ ಎಳೆಯುತ್ತಿದ್ದರು. ಸುಗ್ಗಿಯಲ್ಲಿ ಕಣದಲ್ಲಿ ಕೊಡುವ ಆಯದ ಕಾಳೇ ಅದರ ಸಂಬಳ. ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ದೊಡ್ಡವರ ಮನೆಯ ಎಮ್ಮೆ ಸತ್ತಿತ್ತು. ಅಪ್ಪನಿಗೆ ಜ್ವರ. ಹಗ್ಗದ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದುಕೊಂಡು ಹೋದರು. ಅಲ್ಲಿಂದ ಸೀದಾ ಶಾಲೆಗೆ ಹೋದೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಎದ್ದು ಬೇರೆ ಕಡೆ ಕೂತ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. 1970ರ ದಶಕದಲ್ಲಿ ಪಕ್ಕದ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಹುಡುಗರು ಮುಂದೆ ನಮ್ಮ ಕೇರಿಗೂ ಬಂದರು. ಸತ್ತ ದನದ ಮಾಂಸ ಬಿಡಿ, ಸ್ವಾಭಿಮಾನದಿಂದ ಬಾಳಿ ಎಂದು ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಕೊಟ್ಟ ಕರೆಯನ್ನು ಅಪ್ಪ ಮೊದಲು ಕೇಳಿದ್ದು ಅವರ ಬಾಯಲ್ಲಿ. ಆ ವರ್ಷ ಅಪ್ಪ ಹಗ್ಗ ಕೆಳಗಿಟ್ಟರು. ಆಯ ನಿಂತಿತು. ಒಂದು ಬೇಸಿಗೆ ಪೂರ್ತಿ ಅರೆಹೊಟ್ಟೆಯಲ್ಲಿ ಕಳೆದೆವು. ನಾನು ಮೇಷ್ಟ್ರಾದದ್ದು ಆ ಅರೆಹೊಟ್ಟೆಯ ಮೇಲೆ.

ಅಂಥ ಅಪ್ಪನ ಮಗ ನಾನು, ಫೋನ್ ಹಿಡಿದು ಇನ್ನೊಬ್ಬರ ಮಗನನ್ನು ಹೆಣ ಎಳೆಯಲು ಕರೆಯುತ್ತಿದ್ದೆ! ಅಪ್ಪ ಕೆಳಗಿಟ್ಟ ಹಗ್ಗವನ್ನು ನಾನು ಎತ್ತಿ, ನನಗಿಂತ ಬಡವನ ಕೈಗೆ ಕೊಡುತ್ತಿದ್ದೆ. ಕೂಲಿ ಕೊಡುತ್ತೇನಲ್ಲ ಎಂದು ಮನಸ್ಸು ವಾದ ಮಾಡಿತು. ಕಣದಲ್ಲಿ ಕಾಳು ಅಳೆದು ಕೊಟ್ಟವರೂ ಅದನ್ನೇ ಹೇಳುತ್ತಿದ್ದರು.

ಆದರೂ ಕಾಲು ಎದ್ದು ಹೋಗಲಿಲ್ಲ. ಸತ್ತ ಪ್ರಾಣಿ ಮುಟ್ಟುವುದಿಲ್ಲ ಎಂದು ಹುಡುಗನಾಗಿದ್ದಾಗಲೇ ಪಣ ತೊಟ್ಟಿದ್ದೆ. ಒಳಗಿನಿಂದ ಅವ್ವ ಬಂದಳು. ಅವಳಿಗೆ ಈಗ ಎಂಬತ್ತೈದು. ನನ್ನ ಕೈಯಲ್ಲಿದ್ದ ಫೋನ್ ನೋಡಿದಳು, ಕೆಂಪಿಯನ್ನು ನೋಡಿದಳು. "ನಿಮ್ಮಪ್ಪ ಎಳೆದಿದ್ದು ಊರೋರ ದನ, ಹೊಟ್ಟೆಪಾಡಿಗೆ. ಒಲ್ಲೆ ಅನ್ನೋ ಹಂಗಿರ್ಲಿಲ್ಲ. ಇದು ನಮ್ಮನೇದು. ನಮ್ಮನೇ ಜೀವಾನ ನಾವೇ ಮಣ್ಣು ಮಾಡ್ಬೇಕು, ಏಳಪ್ಪಾ" ಎಂದಳು. ಒಳಗೆ ಹೋಗಿ ತನ್ನ ಹಳೇ ಸೀರೆ ತಂದುಕೊಟ್ಟಳು.

ಅಕ್ಷರ ಬಾರದ ಅವ್ವ ಎರಡು ಮಾತಿನಲ್ಲಿ ಬಿಡಿಸಿ ಹೇಳಿದಳು. ನಮ್ಮನ್ನು ಕೀಳು ಮಾಡಿದ್ದು ಆ ಕೆಲಸವಲ್ಲ. ಹುಟ್ಟಿನ ಕಾರಣಕ್ಕೆ ಹೇರಿ, ಒಲ್ಲೆ ಎನ್ನುವ ಹಕ್ಕು ಕಿತ್ತುಕೊಂಡ ವ್ಯವಸ್ಥೆ. ಭಗವಾನರು ಭಿಕ್ಖುವಿನ ಹೇಸಿಗೆ ತೊಳೆದಾಗ ಯಾರೂ ಅವರ ಮೇಲೆ ಹೇರಿರಲಿಲ್ಲ.

ಗುದ್ದಲಿ, ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಮೂರು ಗಂಟೆ ಹಿಡಿಯಿತು. ಪಕ್ಕದ ಮನೆಯ ಹುಡುಗ ಕರೆಯದಿದ್ದರೂ ಬಂದು ಮಣ್ಣು ಎತ್ತಿಹಾಕಿದ. ನಿಮಗೆ ಉಪಯೋಗವಾಗಲೆಂದು ವೈದ್ಯರು ಹೇಳಿದ್ದನ್ನು ಬರೆಯುತ್ತೇನೆ. ಗುಂಡಿ ನಾಲ್ಕು ಅಡಿಗೆ ಕಡಿಮೆ ಇರಬಾರದು, ಇಲ್ಲದಿದ್ದರೆ ಬೇರೆ ನಾಯಿಗಳು ಕೆದರುತ್ತವೆ. ಬಾವಿ, ಬೋರ್‌ವೆಲ್, ಕೆರೆ, ನಾಲೆಯಿಂದ ದೂರವಿರಬೇಕು. ನಮ್ಮ ಸೂಳೆಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ ಎಂಬುದನ್ನು ಮರೆಯಬೇಡಿ. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆ ಸಾಕು. ಇಂಜೆಕ್ಷನ್ ಕೊಟ್ಟ ಪ್ರಾಣಿಯ ದೇಹದಲ್ಲಿ ಔಷಧ ಉಳಿದಿರುತ್ತದೆ. ಬಯಲಿಗೆ ಎಸೆದರೆ ಅದನ್ನು ತಿಂದ ನಾಯಿ, ಹದ್ದು ಸಾಯಬಹುದು. ಹುಚ್ಚುನಾಯಿ ರೋಗದ ಸಂಶಯವಿದ್ದರೆ ಮಾತ್ರ ಬರಿಗೈಯಲ್ಲಿ ಮುಟ್ಟಲೇಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಸಂಜೆ ನಮ್ಮ ಕೂಟದ ಹಿರಿಯಕ್ಕ ಒಬ್ಬರು ಬಂದರು. ವಿಷಯ ಕೇಳಿ, "ಮೇಷ್ಟ್ರೇ, ನಾಯಿ ಬೆಕ್ಕು ಕುಡಿಯೋ ನೀರು ನಮಗೆ ಕೊಡಲಿಲ್ಲವಲ್ಲ ಆ ಜನ. ನೀವು ನಾಯಿಗೆ ಅಳ್ತೀರಾ?" ಎಂದರು. ಅವರ ಸಿಟ್ಟು ನ್ಯಾಯವಾದದ್ದು. ಚವದಾರ್ ಕೆರೆಯ ನೋವು ಅದೇ. ನಾನು ಹೇಳಿದೆ: ಅಕ್ಕಾ, ನೀರು ಕೊಡದಿದ್ದವರು ಮನುಷ್ಯರು. ಕೆಂಪಿ ನಮ್ಮ ಜಾತಿ ಕೇಳಿ ಜಗಲಿ ಹತ್ತಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದರು.

ಮೂರನೇ ದಿನದ್ದು, ಹನ್ನೊಂದನೇ ದಿನದ್ದು ಏನೂ ಮಾಡಲಿಲ್ಲ. ಶ್ರಾದ್ಧ, ಪಿಂಡ ಬೇಡವೆಂದು ಪ್ರತಿಜ್ಞೆ ಮಾಡಿದವರು ನಾವು. ಆ 22 ಪ್ರತಿಜ್ಞೆಗಳಲ್ಲೇ ಎಲ್ಲ ಪ್ರಾಣಿಗಳಿಗೂ ದಯೆ ತೋರಿ ಕಾಪಾಡುತ್ತೇನೆ ಎಂಬ ಹದಿಮೂರನೆಯದೂ ಇದೆ. ಕೆಂಪಿಯ ಮಗಳೊಂದು ನಮ್ಮ ಬೀದಿಯಲ್ಲೇ ಇದೆ. ಚಿಕ್ಕ ವಯಸ್ಸಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಗಂಟು ಬರುವುದು ಬಹಳ ಕಡಿಮೆಯಂತೆ. ಹೋದ ಸೋಮವಾರ ಕರೆದುಕೊಂಡು ಹೋಗಿ ಮಾಡಿಸಿದೆ, ರೇಬೀಸ್ ಲಸಿಕೆಯನ್ನೂ ಹಾಕಿಸಿದೆ. ಕೆಂಪಿಗೆ ತಡ ಮಾಡಿದೆ. ಇದಕ್ಕೆ ತಡ ಮಾಡಲಿಲ್ಲ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ಮೈತ್ರಿ ಭಾವನೆ ಮಾಡೋಣ. ಕಣ್ಣು ತೆರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳೋಣ. ನನ್ನ ಮನೆಯಲ್ಲಿ, ಬೀದಿಯಲ್ಲಿ ಯಾವ ಗಂಟನ್ನು ನಾಳೆ ನೋಡೋಣ ಎಂದು ಬಿಟ್ಟಿದ್ದೇನೆ? ನನಗೆ ಹೇಸಿಗೆಯಾದ ಯಾವ ಕೆಲಸವನ್ನು ನನಗಿಂತ ಬಡವರಿಗೆ ದಾಟಿಸುತ್ತಿದ್ದೇನೆ?

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.