ಚೀಟಿಯಲ್ಲಿ ಹಳೇ ಔಷಧಿ ಬಂದವರು

ಆಫೀಸಲ್ಲಿ ನಾವು ಎ/ಬಿ ಟೆಸ್ಟ್ ಮಾಡ್ತೀವಲ್ಲ, ಅರ್ಧ ಜನಕ್ಕೆ ಹಳೇ ಪೇಜು, ಅರ್ಧ ಜನಕ್ಕೆ ಹೊಸದು. ಹಳೇದು ಸಿಕ್ಕವರು ಕಳೆದುಕೊಳ್ಳೋದು ಹೆಚ್ಚೆಂದರೆ ಒಂದು ಚೆಂದದ ಬಟನ್ನು. ಇದೇ ಲೆಕ್ಕ ಕ್ಯಾನ್ಸರ್ ವಾರ್ಡಿನಲ್ಲೂ ನಡೆಯುತ್ತೆ.

ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧ ಜನರ ಗಡ್ಡೆಯಲ್ಲಿ ಬಿ-ರಾಫ್ ಎಂಬ ಜೀನ್ ಕೆಟ್ಟಿರುತ್ತೆ. ಅದಕ್ಕೇ ಗುರಿಯಿಟ್ಟು ಮಾಡಿದ ಮಾತ್ರೆ ವೆಮುರಾಫೆನಿಬ್. 2010ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ, ಹೀಗೆ ಜೀನ್ ಕೆಟ್ಟಿದ್ದ 32 ರೋಗಿಗಳ ಗುಂಪೊಂದರಲ್ಲಿ 26 ಜನರ ಗಡ್ಡೆ ಕುಗ್ಗಿತ್ತು. ಅದೇ ವರ್ಷ 675 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮಾತ್ರೆ, ಇನ್ನೊಂದಕ್ಕೆ ಡಕಾರ್ಬಜೀನ್, ಹೆಚ್ಚಿನವರಿಗೆ ನಾಟದ ಹಳೇ ಕೀಮೋ. 6 ತಿಂಗಳಿಗೆ ಬದುಕಿದ್ದವರು ಮಾತ್ರೆಯ ಕಡೆ 84%, ಕೀಮೋ ಕಡೆ 64%. ನಡುವೆ ಲೆಕ್ಕ ನೋಡಿದ ಸಮಿತಿ, ಕೀಮೋದವರಿಗೂ ಮಾತ್ರೆ ಕೊಡಿ ಅಂದಿತು. ಅಷ್ಟರಲ್ಲಿ ಕೆಲವರು ಹೋಗಿಬಿಟ್ಟಿದ್ದರು.

ಕೋಪ ಬರುತ್ತೆ. ಯಾವ ಜೀನ್ ಅಂತ ಗೊತ್ತು, ಮಾತ್ರೆ ಮಾಡಿದ್ದೂ ಅದಕ್ಕೇ, ಇನ್ನೆಂಥ ಸಾಕ್ಷಿ ಬೇಕಿತ್ತು?

ಆದರೆ ಇದೇ ಜೀನ್ ಕೆಟ್ಟಿದ್ದ ದೊಡ್ಡಕರುಳಿನ ಕ್ಯಾನ್ಸರಿಗೆ ಇದೇ ಮಾತ್ರೆ ಕೊಟ್ಟಾಗ 21 ಜನರಲ್ಲಿ ಗಡ್ಡೆ ಸಾಕಷ್ಟು ಕುಗ್ಗಿದ್ದು ಒಬ್ಬರಿಗೆ. ಬಿ-ರಾಫ್ ದಾರಿ ಮುಚ್ಚಿದ ಕೂಡಲೇ ಆ ಜೀವಕೋಶಗಳು ಇಜಿಎಫ್‌ಆರ್ ಎಂಬ ಇನ್ನೊಂದು ದಾರಿ ತೆರೆದುಕೊಳ್ತವೆ. ಬಗ್ ಇರೋ ಸಾಲು ಒಂದೇ, ಸುತ್ತಲಿನ ಕೋಡ್ ಬೇರೆ. ಊರಲ್ಲಿ ಅಪ್ಪ ಎಷ್ಟೇ ಒಳ್ಳೇ ಬೀಜ ತಂದರೂ ಪಕ್ಕದಲ್ಲಿ ನಾಲ್ಕು ಸಾಲು ಹಳೇದನ್ನೇ ಬಿತ್ತೋರು. (ಸಾಲಿಗೆ ಹೆಂಡತಿ ಮಕ್ಕಳಿರಲ್ಲ, ಅದು ಬೇರೆ ಮಾತು.)

ಮೆಲನೋಮದಲ್ಲೂ ಗಡ್ಡೆ ಕುಗ್ಗೋದು ಗೊತ್ತಿತ್ತು, ಆಯಸ್ಸು ಹೆಚ್ಚುತ್ತಾ ಅನ್ನೋದು ಗೊತ್ತಿರಲಿಲ್ಲ. ಎಷ್ಟೋ ಜನರಿಗೆ ಅದು ಮತ್ತೆ ಬೆಳೀತಿತ್ತು. ಹಾಗಾಗಿ ಹೋಲಿಕೆ ಬೇಕಿತ್ತು, ಒಪ್ತೀನಿ. ಒಪ್ಪದೇ ಇರೋದು ಸಮಪಾಲನ್ನು. ಕೀಮೋದಲ್ಲಿ ರೋಗ ಹೆಚ್ಚಾದವರನ್ನು ಮೊದಲ ದಿನದಿಂದಲೇ ಮಾತ್ರೆಗೆ ದಾಟಲು ಬಿಡಬಹುದಿತ್ತು. ಹಾಗೆ ಮಾಡಿದರೆ ದಾಟಿದವರ ಆಯಸ್ಸನ್ನು ಯಾವ ಔಷಧಿಯ ಖಾತೆಗೆ ಬರೆಯೋದು ಅಂತ ಸಂಖ್ಯಾಶಾಸ್ತ್ರದವರು ಕೇಳ್ತಾರೆ. ತಕರಾರು ಸರಿಯಾದದ್ದೇ. ಆದರೆ ಬರುತ್ತಿರುವ ಫಲಿತಾಂಶ ನೋಡಿಕೊಂಡೇ ಹಂಚಿಕೆ ಬದಲಿಸುತ್ತಾ ಹೋಗುವ ಐ-ಸ್ಪೈ 2 ಎಂಬ ಸ್ತನ ಕ್ಯಾನ್ಸರ್ ಪ್ರಯೋಗವೂ ಶುರುವಾದದ್ದು ಅದೇ 2010ರಲ್ಲಿ. ಲೆಕ್ಕ ಕಷ್ಟವಾಗುತ್ತೆ, ಅಷ್ಟೇ. ಆ ಕಷ್ಟ ಲೆಕ್ಕ ಮಾಡುವವರು ಪಡಲಿ. 675 ಜನರ ಪ್ರಯೋಗದಲ್ಲಿ ಮುಚ್ಚುಮರೆಯೂ ಇರಲಿಲ್ಲ: ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವವರಿಗೆ, ಚೀಟಿಯಲ್ಲಿ ತಮಗೆ ಬಂದದ್ದೇನು ಅಂತ ಮೊದಲ ದಿನವೇ ಗೊತ್ತಾಗಿರುತ್ತಿತ್ತು.